ಕಪ್ಪು ಕೋಣೆಯ ಲೆಕ್ಕ

ಕೋಲ್ಕತ್ತದ ಸೇಂಟ್ ಜಾನ್ಸ್ ಚರ್ಚಿಗೆ ಹೋಗುವವರು ಸಾಮಾನ್ಯವಾಗಿ ಹುಡುಕುವುದು ಜಾಬ್ ಚಾರ್ನಾಕನ ಸಮಾಧಿಯನ್ನು. ಅದೇ ಆವರಣದ ಒಂದು ಮೂಲೆಯಲ್ಲಿ ಬಿಳಿ ಅಮೃತಶಿಲೆಯ ಸ್ಮಾರಕವೊಂದು ನಿಂತಿದೆ. ಅದರ ಮೇಲೆ 1756ರಲ್ಲಿ ಸತ್ತವರ ಹೆಸರುಗಳಿವೆ. ಮೊದಲ ಸ್ಮಾರಕವನ್ನು 1760ರ ಸುಮಾರಿಗೆ ಕಟ್ಟಿದರು, 1821ರಲ್ಲಿ ಕೆಡವಿದರು. 1902ರಲ್ಲಿ ಮತ್ತೆ ಕಟ್ಟಿದರು, 1940ರಲ್ಲಿ ನಗರದ ನಡುವಿನಿಂದ ಕಿತ್ತು ಈ ಮೂಲೆಗೆ ತಂದರು. ಹೀಗೆ ಎದ್ದು ಬಿದ್ದು ಜಾಗ ಬದಲಿಸಿದ ಈ ಕಲ್ಲಿನ ಕಥೆಯ ಹಿಂದೆ ಜನ ಮುಗಿಬಿದ್ದು ಓದಿದ ಹಲವು ಪುಸ್ತಕಗಳಿವೆ.

ಶಾಲೆಯಲ್ಲಿ ಇತಿಹಾಸ ಓದಿದ ಕನ್ನಡಿಗರಿಗೂ ಈ ಕಥೆ ಗೊತ್ತು. ಪ್ಲಾಸಿ ಕದನದ ಪಾಠಕ್ಕೆ ಮುಂಚೆ ಒಂದು ಚಿಕ್ಕ ಪ್ಯಾರಾ ಬರುತ್ತಿತ್ತು: ಕಲ್ಕತ್ತೆಯ ಕಪ್ಪು ಕೋಣೆ ದುರಂತ. ಒಂದು ರಾತ್ರಿ, ಒಂದು ಕೋಣೆ, ಒಳಗೆ ಹೋದವರು 146, ಬೆಳಗಾಗುವಾಗ ಬದುಕಿದ್ದವರು 23. ಒಂದು ಅಂಕದ ಪ್ರಶ್ನೆಗೆ ಹೇಳಿ ಮಾಡಿಸಿದಂಥ ಲೆಕ್ಕ. ಆ ಅಂಕಿಗಳನ್ನು ಮೊದಲು ಬರೆದವರು ಯಾರು, ಯಾವಾಗ ಬರೆದರು, ಯಾಕೆ ಬರೆದರು ಎಂದು ಮಾತ್ರ ಯಾರೂ ಕೇಳುತ್ತಿರಲಿಲ್ಲ. ನಾಡಿನ ಗತಕಾಲವನ್ನು ಜನಪ್ರಿಯ ಪುಸ್ತಕಗಳಿಂದ ತಿಳಿದುಕೊಳ್ಳುವವರು, ಅಂದರೆ ಬಹುಮಟ್ಟಿಗೆ ಎಲ್ಲರೂ, ಈ ಲೆಕ್ಕದ ಇತಿಹಾಸವನ್ನು ಒಮ್ಮೆ ನೋಡುವುದು ಒಳ್ಳೆಯದು.

1756ರ ಏಪ್ರಿಲ್‌ನಲ್ಲಿ ಬಂಗಾಳದ ನವಾಬ ಅಲಿವರ್ದಿ ಖಾನ್ ತೀರಿಕೊಂಡ. ಇಪ್ಪತ್ತರ ಹರೆಯದ ಮೊಮ್ಮಗ ಸಿರಾಜುದ್ದೌಲ ಪಟ್ಟಕ್ಕೆ ಬಂದ. ಈಸ್ಟ್ ಇಂಡಿಯಾ ಕಂಪನಿಯ ಮೇಲೆ ಅವನಿಗೆ ಮೂರು ದೂರುಗಳಿದ್ದವು. ಅಪ್ಪಣೆ ಇಲ್ಲದೆ ಕಲ್ಕತ್ತೆಯ ಕೋಟೆಯನ್ನು ಬಲಪಡಿಸುತ್ತಿದ್ದಾರೆ. ಸುಂಕ ವಿನಾಯಿತಿಯ ದಸ್ತಕುಗಳನ್ನು ಕಂಪನಿಯ ನೌಕರರು ಸ್ವಂತ ವ್ಯಾಪಾರಕ್ಕೆ ಬಳಸುತ್ತಿದ್ದಾರೆ. ತನ್ನಿಂದ ತಪ್ಪಿಸಿಕೊಂಡು ಬಂದ ಢಾಕಾದ ಅಧಿಕಾರಿ ರಾಜವಲ್ಲಭನ ಮಗನಿಗೆ ಆಶ್ರಯ ಕೊಟ್ಟಿದ್ದಾರೆ. ಜೂನ್‌ನಲ್ಲಿ ನವಾಬನ ಸೈನ್ಯ ಕಲ್ಕತ್ತೆಯ ಬಾಗಿಲಿಗೆ ಬಂತು. ಗವರ್ನರ್ ರೋಜರ್ ಡ್ರೇಕ್ ಹಡಗು ಹತ್ತಿ ಹೋದ. ಅವನ ಜೊತೆ ಇನ್ನೂ ಹಲವರು ಹೋದರು. ಉಳಿದವರ ಮುಖಂಡನಾಗಿ ನಿಂತವನು ಜಾನ್ ಜೆಫಾನಿಯಾ ಹಾಲ್ವೆಲ್. ಜೂನ್ 20ರಂದು ಕೋಟೆ ಬಿತ್ತು.

ಆ ರಾತ್ರಿ ಸೆರೆಯಾಳುಗಳನ್ನು ಕೂಡಿದ್ದು ಕೋಟೆಯೊಳಗೇ ಇದ್ದ ಕಂಪನಿಯ ಲಾಕಪ್ಪಿನಲ್ಲಿ. ತಪ್ಪು ಮಾಡಿದ ಸೋಲ್ಜರುಗಳನ್ನು ಹಾಕಲು ಇಂಗ್ಲಿಷರೇ ಮಾಡಿಕೊಂಡಿದ್ದ ಕೋಣೆ ಅದು. ‘ಕಪ್ಪು ಕೋಣೆ’ ಎಂಬುದೂ ಅವರ ಸೈನ್ಯದಲ್ಲಿ ಬಳಕೆಯಲ್ಲಿದ್ದ ಹೆಸರೇ, ನವಾಬ ಇಟ್ಟದ್ದಲ್ಲ. ಸುಮಾರು 18 ಅಡಿ ಉದ್ದ, 15 ಅಡಿಗಿಂತ ತುಸು ಕಡಿಮೆ ಅಗಲ, ಎರಡು ಸಣ್ಣ ಕಿಟಕಿ. ಜೂನ್ ತಿಂಗಳ ಬಂಗಾಳದ ಸೆಕೆ. ಬೆಳಿಗ್ಗೆ ಬಾಗಿಲು ತೆರೆದಾಗ ಒಳಗೆ ಹೆಣಗಳಿದ್ದವು. ಇಷ್ಟನ್ನು ಇಂದು ಬಹುತೇಕ ಇತಿಹಾಸಕಾರರು ಒಪ್ಪುತ್ತಾರೆ. ಜಗಳ ಇರುವುದು ಎಷ್ಟು ಹೆಣ ಎಂಬುದರ ಬಗ್ಗೆ, ಯಾರ ತಪ್ಪು ಎಂಬುದರ ಬಗ್ಗೆ.

146 ಎಂಬ ಅಂಕಿಯನ್ನು ಜಗತ್ತಿಗೆ ಕೊಟ್ಟವನು ಹಾಲ್ವೆಲ್. ಬದುಕಿ ಬಂದ 23 ಜನರಲ್ಲಿ ಅವನೂ ಒಬ್ಬ. 1757ರ ಫೆಬ್ರವರಿಯಲ್ಲಿ, ಇಂಗ್ಲೆಂಡಿಗೆ ಮರಳುವ ಹಡಗಿನಲ್ಲಿ ಕುಳಿತು ಗೆಳೆಯನೊಬ್ಬನಿಗೆ ಅವನು ಆ ರಾತ್ರಿಯ ಕಥೆಯನ್ನು ದೀರ್ಘ ಪತ್ರವಾಗಿ ಬರೆದ. 1758ರಲ್ಲಿ ಅದು ಲಂಡನ್ನಿನಲ್ಲಿ ಪುಸ್ತಕವಾಯಿತು. ಓದಿದವರು ಮರೆಯಲಾಗದ ಬರಹ ಅದು. ಬಾಯಾರಿಕೆ ತಡೆಯಲಾರದೆ ತನ್ನ ಅಂಗಿಯ ತೋಳಿನ ಬೆವರನ್ನೇ ಹೀರಿದ್ದು, ಟೋಪಿಯಲ್ಲಿ ನೀರು ಬಂದಾಗ ಜನ ಒಬ್ಬರ ಮೇಲೊಬ್ಬರು ಬಿದ್ದು ತುಳಿದಾಡಿದ್ದು, ಕಿಟಕಿಯ ಬಳಿಯ ಜಾಗಕ್ಕಾಗಿ ನಡೆದ ಹೋರಾಟ, ಎಲ್ಲವೂ ಗಂಟೆಗಂಟೆಯ ವಿವರದೊಂದಿಗೆ ಬರುತ್ತವೆ. ಜನಪ್ರಿಯ ಇತಿಹಾಸಕ್ಕೆ ಬೇಕಾದದ್ದೆಲ್ಲ ಅಲ್ಲಿತ್ತು: ಕಣ್ಣಾರೆ ಕಂಡವನು, ಒಂದು ಇಕ್ಕಟ್ಟಾದ ಜಾಗ, ಒಬ್ಬ ಖಳನಾಯಕ, ಒಂದು ಖಚಿತವಾದ ಸಂಖ್ಯೆ.

ಆ ಸಂಖ್ಯೆಯನ್ನು ಕೋಣೆಯ ಅಳತೆಯ ಪಕ್ಕದಲ್ಲಿಟ್ಟು ಭಾಗಿಸಿದರೆ ಒಬ್ಬೊಬ್ಬರಿಗೂ ಸಿಗುವುದು ಎರಡು ಚದರ ಅಡಿಗೂ ಕಡಿಮೆ ಜಾಗ. ಇನ್ನೊಂದು ಸಂಗತಿಯೂ ಇದೆ. ಸತ್ತವರು 123 ಎಂದ ಹಾಲ್ವೆಲ್‌ಗೆ ಹೆಸರು ಹಿಡಿದು ಹೇಳಲು ಸಾಧ್ಯವಾದದ್ದು ಅವರಲ್ಲಿ ಅರ್ಧಕ್ಕಿಂತ ಕಡಿಮೆ ಜನರನ್ನು. ಉಳಿದವರು ಸೋಲ್ಜರುಗಳು, ಡಚ್ಚರು, ಪೋರ್ಚುಗೀಸರು ಎಂಬ ಒಟ್ಟು ಲೆಕ್ಕದಲ್ಲಿ ಸೇರಿಹೋದರು. ಸ್ವಲ್ಪ ಕಾಲ ಬಂಗಾಳದ ಗವರ್ನರನೂ ಆದ ಹಾಲ್ವೆಲ್ ತನ್ನದೇ ಖರ್ಚಿನಲ್ಲಿ ಸ್ಮಾರಕವನ್ನು ಕಟ್ಟಿಸಿದ. ಅದೇ ಹೊತ್ತಿನಲ್ಲಿ, ನವಾಬ ಮೀರ್ ಜಾಫರನನ್ನು ಇಳಿಸಬೇಕಾಗಿ ಬಂದಾಗ, ಅವನು ಢಾಕಾದಲ್ಲಿ ಇಂತಿಂಥವರನ್ನು ಕೊಲ್ಲಿಸಿದನೆಂದು ಹೆಸರು ಸಮೇತ ಪಟ್ಟಿ ಮಾಡಿದವನೂ ಹಾಲ್ವೆಲ್ಲೇ. ಆ ಪಟ್ಟಿಯಲ್ಲಿದ್ದವರಲ್ಲಿ ಹೆಚ್ಚಿನವರು ಬದುಕಿಯೇ ಇದ್ದಾರೆಂದು ಕೆಲ ವರ್ಷಗಳ ಮೇಲೆ ಕ್ಲೈವ್ ಮತ್ತು ಅವನ ಕೌನ್ಸಿಲ್ ಲಂಡನ್ನಿಗೆ ಬರೆಯಬೇಕಾಯಿತು.

ಇಷ್ಟಾದರೂ ಹಾಲ್ವೆಲ್‌ನ ಕಥೆ ನಿಂತಿತು. ರಾಬರ್ಟ್ ಓರ್ಮ್ ತನ್ನ ಯುದ್ಧಗಳ ಇತಿಹಾಸದಲ್ಲಿ ಅದನ್ನು ತೆಗೆದುಕೊಂಡ. ಜೇಮ್ಸ್ ಮಿಲ್ ಮಾತ್ರ ತನ್ನ ದೊಡ್ಡ ಇತಿಹಾಸದಲ್ಲಿ ಒಂದು ಇರಿಯುವ ಪ್ರಶ್ನೆ ಹಾಕಿದ: ಇಂಥ ಸೆಕೆಯ ದೇಶದಲ್ಲಿ ಅಂಥ ಕೋಣೆಯನ್ನು ಇಂಗ್ಲಿಷರು ಯಾಕೆ ಇಟ್ಟುಕೊಂಡಿದ್ದರು? ಆದರೆ ಮಿಲ್‌ನ ಸಂಪುಟಗಳನ್ನು ಓದಿದವರಿಗಿಂತ ಮೆಕಾಲೆಯ ಪ್ರಬಂಧ ಓದಿದವರು ಎಷ್ಟೋ ಪಾಲು ಹೆಚ್ಚು. ಕಲ್ಕತ್ತೆಯಲ್ಲಿ ನಾಲ್ಕು ವರ್ಷ ಇದ್ದು ಹೋದ ಮೆಕಾಲೆ 1840ರಲ್ಲಿ ಕ್ಲೈವ್ ಬಗ್ಗೆ ದೀರ್ಘ ಪ್ರಬಂಧ ಬರೆದ. ಅದರಲ್ಲಿ ಸಿರಾಜ್ ಹುಟ್ಟಾ ಕ್ರೂರಿ. ಕಪ್ಪು ಕೋಣೆ ಅವನ ಕ್ರೌರ್ಯದ ಶಿಖರ. ಮುಂದಿನ ವರ್ಷದ ಪ್ಲಾಸಿ ಆ ಪಾಪಕ್ಕೆ ತಕ್ಕ ಶಿಕ್ಷೆ ಎಂದು ಓದುಗನಿಗೆ ತಾನಾಗಿ ಅನ್ನಿಸುವಂತೆ ಕಥೆ ಸಾಗುತ್ತದೆ. ಪ್ಲಾಸಿಯ ಹಿಂದಿನ ಪಿತೂರಿ, ಹಣದ ಒಪ್ಪಂದ, ಓಮಿಚಂದನಿಗೆ ತೋರಿಸಿದ ಸುಳ್ಳು ಕರಾರುಪತ್ರ, ಇವನ್ನು ಮೆಕಾಲೆ ಮುಚ್ಚಿಡಲಿಲ್ಲ. ಆದರೆ ಆ ಕೋಣೆಯ ಹೆಣಗಳನ್ನು ಮೊದಲೇ ಕಂಡ ಓದುಗನ ಮನಸ್ಸಿನಲ್ಲಿ ತೀರ್ಪು ಆಗಲೇ ಬರೆದಾಗಿರುತ್ತದೆ.

ಮೆಕಾಲೆಯ ಪ್ರಬಂಧಗಳು ಇಂಗ್ಲಿಷ್ ಕಲಿತ ಭಾರತೀಯರ ಕೈಗೂ ಬಂದವು. ಅದಕ್ಕೆ ಕೆಲ ವರ್ಷಗಳಲ್ಲೇ ಬಂಗಾಳಿ ಮಕ್ಕಳಿಗೆ ಬಂಗಾಳಿಯಲ್ಲೂ ಒಂದು ಇತಿಹಾಸ ಸಿಕ್ಕಿತು. 1848ರಲ್ಲಿ ಈಶ್ವರಚಂದ್ರ ವಿದ್ಯಾಸಾಗರರು ಬರೆದ ‘ಬಾಂಗ್ಲಾರ್ ಇತಿಹಾಸ್’ ಆರಂಭವಾಗುವುದೇ ಸಿರಾಜ್ ಪಟ್ಟಕ್ಕೆ ಬಂದಲ್ಲಿಂದ. ಅದಕ್ಕೆ ಆಧಾರ ಶ್ರೀರಾಮಪುರದ ಮಾರ್ಷ್‌ಮನ್ ಇಂಗ್ಲಿಷಿನಲ್ಲಿ ಬರೆದಿದ್ದ ಪುಸ್ತಕ. ಹೀಗೆ ಬಂಗಾಳದ ಹುಡುಗರು ತಮ್ಮ ನಾಡಿನ ಕೊನೆಯ ಸ್ವತಂತ್ರ ನವಾಬನನ್ನು ಪರಿಚಯ ಮಾಡಿಕೊಂಡದ್ದು ಅವನನ್ನು ಸೋಲಿಸಿದವರು ಬರೆದದ್ದರಿಂದ.

ಈ ಸಂಕಟವನ್ನು ಬಾಯಿಬಿಟ್ಟು ಹೇಳಿದವರು ಬಂಕಿಮಚಂದ್ರ ಚಟ್ಟೋಪಾಧ್ಯಾಯ. 1872ರಲ್ಲಿ ಶುರುವಾದ ‘ಬಂಗದರ್ಶನ’ ಪತ್ರಿಕೆಯಲ್ಲಿ ಅವರು ಮತ್ತೆ ಮತ್ತೆ ಎತ್ತಿದ ಅಳಲು ಇದು: ಬಂಗಾಳಿಗಳಿಗೆ ತಮ್ಮದೇ ಆದ ಇತಿಹಾಸವಿಲ್ಲ, ಅದನ್ನು ಬಂಗಾಳಿಗಳೇ ಬರೆಯಬೇಕು. ಅದರಲ್ಲಿ ಒಂದು ಅಪಾಯವೂ ಅಡಗಿತ್ತು. ಇತಿಹಾಸ ಬೇಕೆಂಬ ಹಂಬಲಕ್ಕೆ ಯಾವ ಬಗೆಯ ಇತಿಹಾಸ ಬೇಕೆಂಬುದು ಮೊದಲೇ ಗೊತ್ತಿರುತ್ತದೆ. ಕಲ್ಕತ್ತೆಯ ಈ ಹಂಬಲ ಕನ್ನಡಕ್ಕೂ ಬಂತು. ಬಿ. ವೆಂಕಟಾಚಾರ್ಯರು ಬಂಗಾಳಿ ಕಲಿತು ಬಂಕಿಮರ ಕಾದಂಬರಿಗಳನ್ನು ಒಂದೊಂದಾಗಿ ಕನ್ನಡಕ್ಕೆ ತಂದಾಗ ಮೈಸೂರು ಸೀಮೆಯ ಓದುಗರು ಬಂಗಾಳದ ಗತಕಾಲವನ್ನು ತಮ್ಮದೇ ಎಂಬಂತೆ ಓದಿದರು.

ಬಂಕಿಮರ ಕರೆಗೆ ಸಿರಾಜನ ವಿಷಯದಲ್ಲಿ ಉತ್ತರ ಕೊಟ್ಟವರು ರಾಜಶಾಹಿಯ ವಕೀಲ ಅಕ್ಷಯಕುಮಾರ ಮೈತ್ರೇಯ. ಅದಕ್ಕೆ ಎರಡು ದಶಕ ಮುಂಚೆ, 1875ರಲ್ಲಿ, ನವೀನಚಂದ್ರ ಸೇನರು ‘ಪಲಾಶಿರ್ ಯುದ್ಧ’ ಎಂಬ ಕಾವ್ಯ ಬರೆದು ಹೆಸರಾಗಿದ್ದರು. ಪ್ಲಾಸಿಯ ಸೋಲಿಗೆ ಮರುಗಿದ ಆ ಕವಿಗೂ ಸಿರಾಜ್ ಕಂಡದ್ದು ಇಂಗ್ಲಿಷ್ ಪುಸ್ತಕಗಳ ಸಿರಾಜನಾಗಿಯೇ, ವಿಲಾಸಿಯಾಗಿ. ಮೈತ್ರೇಯರು ಪತ್ರಿಕೆಗಳಲ್ಲಿ ಕಂತುಕಂತಾಗಿ ಬರೆದು 1898ರ ಹೊತ್ತಿಗೆ ಪುಸ್ತಕವಾಗಿಸಿದ ‘ಸಿರಾಜುದ್ದೌಲ’ ಆ ಚಿತ್ರವನ್ನು ಕಟಕಟೆಗೆ ತಂದು ನಿಲ್ಲಿಸಿತು.

ವಕೀಲರ ಪಾಟೀಸವಾಲು ಹೇಗಿರುತ್ತದೋ ಅವರ ವಾದ ಹಾಗೆಯೇ ಇತ್ತು. ಇಷ್ಟು ದೊಡ್ಡ ಘಟನೆ ನಡೆದಿದ್ದರೆ ಆ ಕಾಲದ ಇತರರು ಏನು ಹೇಳಿದ್ದಾರೆ? ಗುಲಾಂ ಹುಸೇನ್ ತಬಾತಬಾಯಿ ಪರ್ಷಿಯನ್ ಭಾಷೆಯಲ್ಲಿ ಬರೆದ ‘ಸಿಯರ್-ಉಲ್-ಮುತಾಖರೀನ್’ ಸಿರಾಜನ ತಪ್ಪುಗಳನ್ನು ಎಣಿಸುವುದರಲ್ಲಿ ಹಿಂದೆ ಬೀಳುವುದಿಲ್ಲ. ಆದರೆ ಕಪ್ಪು ಕೋಣೆಯ ಸುದ್ದಿ ಅದರಲ್ಲಿಲ್ಲ. 1789ರಲ್ಲಿ ಅದನ್ನು ಕಲ್ಕತ್ತೆಯಲ್ಲಿ ಇಂಗ್ಲಿಷಿಗೆ ತಂದ ಹಾಜಿ ಮುಸ್ತಫಾ ಎಂಬ ಫ್ರೆಂಚ್ ಮೂಲದವನೇ, ಇಂಗ್ಲೆಂಡಿನಲ್ಲಿ ಇಷ್ಟು ಸದ್ದು ಮಾಡಿದ ಈ ಘಟನೆ ಬಂಗಾಳದವರಿಗೆ ಗೊತ್ತೇ ಇಲ್ಲವೆಂದು ಅಡಿಟಿಪ್ಪಣಿಯಲ್ಲಿ ಅಚ್ಚರಿಪಟ್ಟಿದ್ದ. ಕಲ್ಕತ್ತೆಯನ್ನು ಮರಳಿ ಹಿಡಿದ ಮೇಲೆ 1757ರ ಫೆಬ್ರವರಿಯಲ್ಲಿ ಕಂಪನಿ ನವಾಬನ ಜೊತೆ ಮಾಡಿಕೊಂಡ ಅಲಿನಗರದ ಒಪ್ಪಂದದಲ್ಲಿ ವ್ಯಾಪಾರದ ಹಕ್ಕು, ಲೂಟಿಯಾದ ಸರಕು, ಕೋಟೆ, ಟಂಕಸಾಲೆ ಎಲ್ಲವೂ ಬರುತ್ತವೆ. ಕೋಣೆಯಲ್ಲಿ ಸತ್ತವರ ಮಾತು ಬರುವುದಿಲ್ಲ. ಕಳೆದುಹೋದ ಸರಕಿನ ಬೆಲೆ ಕೇಳಿದವರು ಕಳೆದುಹೋದ 123 ಜೀವಗಳ ಬಗ್ಗೆ ಯಾಕೆ ಸುಮ್ಮನಿದ್ದರು?

ಪುಸ್ತಕವನ್ನು ‘ಭಾರತಿ’ ಪತ್ರಿಕೆಯಲ್ಲಿ ವಿಮರ್ಶಿಸಿದವರು ರವೀಂದ್ರನಾಥ ಠಾಕೂರ್. ಬಂಗಾಳಿ ಇತಿಹಾಸ ಬರವಣಿಗೆ ಪರರ ಮಾತನ್ನು ಒಪ್ಪಿಸುವ ಕಾಲ ಮುಗಿಯಿತೆಂದು ಅವರಿಗೆ ಸಂತೋಷವಾಯಿತು. ಆದರೂ ಅವರೊಂದು ಮಾತು ಸೇರಿಸಿದರು. ಮೈತ್ರೇಯರು ಸಿರಾಜನ ದೋಷಗಳನ್ನು ಮುಚ್ಚಿಟ್ಟಿಲ್ಲ, ನಿಜ. ಆದರೆ ಸಾಕ್ಷ್ಯವೇ ಮಾತಾಡಲಿ ಎಂದು ಸುಮ್ಮನಿರಲಾರದೆ ತಾವೇ ಅಸಹನೆಯಿಂದ, ಆವೇಶದಿಂದ ಅವನ ಪಕ್ಷ ವಹಿಸಿದ್ದಾರೆ ಎಂಬುದು ಅವರ ಆಕ್ಷೇಪದ ಸಾರ. ತಾವು ಒಪ್ಪುವ ಪುಸ್ತಕವನ್ನು ಹೀಗೆ ಓದಿದವರು ಆಗ ಎಷ್ಟು ಮಂದಿ ಇದ್ದರೋ!

ಮೈತ್ರೇಯರ ಪುಸ್ತಕ ಬಂದ ಹೊತ್ತಿನಲ್ಲೇ ಇನ್ನೊಂದು ಪುಸ್ತಕ ಬೇರೆ ದಿಕ್ಕಿನಲ್ಲಿ ಕೆಲಸ ಮಾಡುತ್ತಿತ್ತು. ಡಾ. ಬಸ್ಟೀಡ್ ಎಂಬ ವೈದ್ಯ 1882ರಲ್ಲಿ ಹಳೆಯ ಕಲ್ಕತ್ತೆಯ ಕಥೆಗಳನ್ನು ರಸವತ್ತಾಗಿ ಬರೆದು ಪ್ರಕಟಿಸಿದ್ದ. ಲಾರ್ಡ್ ಕರ್ಜನ್ ವೈಸರಾಯ್ ಆಗಿ ಭಾರತಕ್ಕೆ ಬರುವಾಗ ದಾರಿಯಲ್ಲಿ ಅದನ್ನು ಓದಿದ. ಕೆಡವಿಹೋದ ಸ್ಮಾರಕದತ್ತ ತನ್ನ ಗಮನ ಹರಿದದ್ದು ಅದರಿಂದ ಎಂದು ಅವನೇ ಹೇಳಿಕೊಂಡ. 1902ರಲ್ಲಿ ಡಾಲ್‌ಹೌಸಿ ಸ್ಕ್ವೇರಿನ ಮೂಲೆಯಲ್ಲಿ, ರೈಟರ್ಸ್ ಬಿಲ್ಡಿಂಗಿನ ಹತ್ತಿರ, ಹೊಸ ಅಮೃತಶಿಲೆಯ ಸ್ಮಾರಕ ಎದ್ದಿತು. ಮೂರು ವರ್ಷದಲ್ಲಿ ಅದೇ ಕರ್ಜನ್ ಬಂಗಾಳವನ್ನು ಒಡೆದ.

ಒಡೆದ ಬಂಗಾಳಕ್ಕೆ ಒಬ್ಬ ನಾಯಕ ಬೇಕಾಗಿತ್ತು, ಹಿಂದೂಗಳಿಗೂ ಮುಸ್ಲಿಮರಿಗೂ ಒಪ್ಪುವಂಥವನು. ಮೈತ್ರೇಯರು ಆರೋಪಮುಕ್ತನನ್ನಾಗಿ ಮಾಡಿದ್ದ ಸಿರಾಜ್ ಸಿದ್ಧನಾಗಿ ನಿಂತಿದ್ದ. ಗಿರೀಶಚಂದ್ರ ಘೋಷರ ‘ಸಿರಾಜುದ್ದೌಲ’ ನಾಟಕ ಸ್ವದೇಶಿ ಚಳವಳಿಯ ದಿನಗಳಲ್ಲಿ ಕಲ್ಕತ್ತೆಯ ರಂಗಮಂದಿರವನ್ನು ತುಂಬಿಸಿತು. ಕೆಲ ವರ್ಷಗಳಲ್ಲಿ ಸರ್ಕಾರ ಅದನ್ನು ನಿಷೇಧಿಸಿತು. 1938ರಲ್ಲಿ ಸಚೀಂದ್ರನಾಥ ಸೇನ್‌ಗುಪ್ತರು ಅದೇ ಹೆಸರಿನ ಇನ್ನೊಂದು ನಾಟಕ ಬರೆದರು. ಕಾಜಿ ನಜ್ರುಲ್ ಇಸ್ಲಾಂ ಅದಕ್ಕೆ ಹಾಡು ಕಟ್ಟಿದರು. ಗ್ರಾಮಫೋನ್ ತಟ್ಟೆಗಳಲ್ಲಿ ಅದು ಬಂಗಾಳದ ಊರೂರಿಗೆ ಹೋಯಿತು. ಇತಿಹಾಸದ ಪುಸ್ತಕದಲ್ಲಿ ದೋಷಗಳಿದ್ದ ಸಿರಾಜ್, ರಂಗಕ್ಕೆ ಬರುವಾಗ ನಾಡಿಗಾಗಿ ಪ್ರಾಣ ಕೊಟ್ಟ ಕೊನೆಯ ದೇಶಭಕ್ತನಾಗಿದ್ದ.

ಈ ನಡುವೆ ವಿದ್ವಾಂಸರ ವಲಯದಲ್ಲೂ ಜಗಳ ನಡೆಯಿತು. ಜೆ. ಎಚ್. ಲಿಟಲ್ ಎಂಬ ಇಂಗ್ಲಿಷನೇ ‘ಬೆಂಗಾಲ್ ಪಾಸ್ಟ್ ಅಂಡ್ ಪ್ರೆಸೆಂಟ್’ ಪತ್ರಿಕೆಯಲ್ಲಿ ಬರೆದು ಹಾಲ್ವೆಲ್ ಕಥೆಗಾರನೆಂದು ಸಾಧಿಸಹೊರಟ. 1916ರಲ್ಲಿ ಕಲ್ಕತ್ತಾ ಹಿಸ್ಟಾರಿಕಲ್ ಸೊಸೈಟಿ ಇದರ ಮೇಲೆ ಬಹಿರಂಗ ಚರ್ಚೆ ನಡೆಸಿತು; ಮೈತ್ರೇಯರೂ ಅಲ್ಲಿ ಮಾತಾಡಿದರು. ಆದರೆ ಸ್ಮಾರಕ ಅಲುಗಾಡಿದ್ದು ಚರ್ಚೆಯಿಂದಲ್ಲ. 1940ರಲ್ಲಿ ಸುಭಾಷ್‌ಚಂದ್ರ ಬೋಸರು ಜುಲೈ 3ನ್ನು ಸಿರಾಜುದ್ದೌಲ ದಿನವೆಂದು ಸಾರಿ, ಸ್ಮಾರಕ ತೆಗೆಯಬೇಕೆಂದು ಸತ್ಯಾಗ್ರಹಕ್ಕೆ ಕರೆ ಕೊಟ್ಟರು. ಹಿಂದೂ ಮುಸ್ಲಿಂ ವಿದ್ಯಾರ್ಥಿಗಳು ಒಟ್ಟಾಗಿ ಬೀದಿಗಿಳಿದರು. ಹಿಂದಿನ ದಿನವೇ ಬೋಸರನ್ನು ಬಂಧಿಸಲಾಯಿತು. ಫಜ್ಲುಲ್ ಹಕ್ ಅವರ ಸರ್ಕಾರ ಬೇಗನೆ ಸ್ಮಾರಕವನ್ನು ತೆಗೆಸಿ ಚರ್ಚಿನ ಆವರಣಕ್ಕೆ ಸಾಗಿಸಿತು. ಡಿಸೆಂಬರಿನಲ್ಲಿ ಉಪವಾಸ ಹೂಡಿ ಸೆರೆಯಿಂದ ಹೊರಬಂದ ಬೋಸರು ಮರುತಿಂಗಳೇ ಕಲ್ಕತ್ತೆಯ ಮನೆಯಿಂದ ಕಣ್ಮರೆಯಾದರು.

ಹಾಗಾದರೆ ಗೆದ್ದದ್ದು ಸತ್ಯವೇ? ಇಲ್ಲಿ ತಡೆದು ನೋಡಬೇಕು. ಸ್ಮಾರಕ ಹೋದದ್ದು ನ್ಯಾಯವಾಗಿತ್ತು; ಅದು ಸತ್ತವರಿಗಿಂತ ಹೆಚ್ಚಾಗಿ ಆಳುವವರ ಹಕ್ಕನ್ನು ಸಾರುತ್ತಿತ್ತು. ಆದರೆ ಆ ಕೋಣೆಯಲ್ಲಿ ಏನೂ ನಡೆಯಲೇ ಇಲ್ಲ ಎಂಬ ಮಾತು ನಿಲ್ಲುವುದಿಲ್ಲ. ಹಾಲ್ವೆಲ್ ಒಬ್ಬನೇ ಅಲ್ಲ, ಬದುಕಿ ಬಂದ ಇತರರೂ ಹೇಳಿಕೆ ಕೊಟ್ಟಿದ್ದಾರೆ. ಜದುನಾಥ ಸರ್ಕಾರರು 1948ರಲ್ಲಿ ಢಾಕಾ ವಿಶ್ವವಿದ್ಯಾಲಯ ಪ್ರಕಟಿಸಿದ ಬಂಗಾಳದ ಇತಿಹಾಸದಲ್ಲಿ ಘಟನೆಯನ್ನು ಒಪ್ಪಿ, ಒಳಗಿದ್ದವರು 60ರ ಆಸುಪಾಸು ಇರಬೇಕೆಂದರು. ಕೋಟೆ ಬೀಳುವ ಹೊತ್ತಿಗೆ ಓಡಿಹೋದವರು, ಕಾದಾಡಿ ಸತ್ತವರು ಎಷ್ಟು ಎಂದು ತಾಳೆ ನೋಡಿದ ಬ್ರಿಜೇನ್ ಗುಪ್ತರು, ಒಳಗೆ ಹೋದವರು 64, ಬದುಕಿದವರು 21 ಎಂಬ ತೀರ್ಮಾನಕ್ಕೆ ಬಂದರು. ಅಂದರೆ 43 ಸಾವು. ಸಿರಾಜನೇ ಬೇಕೆಂದು ಕೊಲ್ಲಿಸಿದ ಎನ್ನಲು ಆಧಾರವಿಲ್ಲ. ಗೆದ್ದವರ ಕಾವಲುಗಾರರ ಉದಾಸೀನ, ಇಂಗ್ಲಿಷರದೇ ಕೋಣೆ, ಜೂನಿನ ಸೆಕೆ, ಇವೆಲ್ಲ ಸೇರಿದವು. ಹಾಲ್ವೆಲ್ ಉಬ್ಬಿಸಿದ್ದರಿಂದ ಆ 43 ಜನರ ಸಾವು ಸುಳ್ಳಾಗುವುದಿಲ್ಲ.

ಸಿರಾಜನ ಪ್ರತಿಮೆಗೂ ಇದೇ ಪರೀಕ್ಷೆ. ಅವನು ಆಳಿದ್ದು ಹದಿನಾಲ್ಕು ತಿಂಗಳು. ಬಂಗಾಳವೆಂಬ ‘ದೇಶ’ಕ್ಕಾಗಿ ಅವನು ಹೋರಾಡಿದ ಎಂಬುದು ಇಪ್ಪತ್ತನೆಯ ಶತಮಾನದ ಮಾತು, ಅವನದು ನವಾಬಗಿರಿಯ ಹಕ್ಕಿನ ಹೋರಾಟ. ಇತ್ತ ಜದುನಾಥರೂ ಪಕ್ಷಪಾತದಿಂದ ಹೊರತಲ್ಲ. ಪ್ಲಾಸಿಯ ದಿನ ಭಾರತದ ಮಧ್ಯಯುಗ ಮುಗಿದು ಬೆಳಕು ಬಂತೆಂಬ ಅರ್ಥದಲ್ಲಿ ಅವರು ಬರೆದರು. ಆ ಬೆಳಕಿಗೆ ಬಂಗಾಳ ಕೊಟ್ಟ ಬೆಲೆ ಅವರ ಆ ಮಾತಿನಲ್ಲಿ ಕಾಣುವುದಿಲ್ಲ.

ಆ ಬೆಲೆಯೇ ಈ ಕಥೆಯ ಅತಿ ದೊಡ್ಡ ಸಂಖ್ಯೆ. ಪ್ಲಾಸಿಯಾಗಿ ಹನ್ನೆರಡು ವರ್ಷಕ್ಕೆ, 1769–70ರಲ್ಲಿ, ಬಂಗಾಳದಲ್ಲಿ ಭೀಕರ ಬರ ಬಂತು. ಬಂಗಾಳಿ ಪಂಚಾಂಗದ 1176ನೆಯ ವರ್ಷವಾದ್ದರಿಂದ ಜನ ಅದನ್ನು ‘ಎಪ್ಪತ್ತಾರರ ಬರ’ ಎಂದೇ ಕರೆಯುತ್ತಾರೆ. ಜನಸಂಖ್ಯೆಯಲ್ಲಿ ಕನಿಷ್ಠ ಮೂರರಲ್ಲೊಂದು ಪಾಲು ಸತ್ತರೆಂದು 1772ರಲ್ಲಿ ವಾರನ್ ಹೇಸ್ಟಿಂಗ್ಸ್‌ನ ಆಡಳಿತವೇ ವರದಿ ಮಾಡಿತು. 1771ರಲ್ಲಿ ವಸೂಲಾದ ಕಂದಾಯ ಬರಕ್ಕೆ ಮುಂಚಿನ 1768ಕ್ಕಿಂತ ಹೆಚ್ಚಿತ್ತೆಂದೂ ಅದೇ ವರದಿ ಹೇಳಿತು. 123 ಜನರ ಸಾವು ಪ್ರಪಂಚದ ಪಠ್ಯಪುಸ್ತಕಗಳಿಗೆಲ್ಲ ಹೋಯಿತು. ಲಕ್ಷೋಪಲಕ್ಷ ಜನರ ಸಾವು ಸುಮಾರು ನೂರು ವರ್ಷ ಕಡತದಲ್ಲಿ ಮಲಗಿತ್ತು. 1868ರಲ್ಲಿ ವಿಲಿಯಂ ಹಂಟರ್ ಗ್ರಾಮೀಣ ಬಂಗಾಳದ ಇತಿಹಾಸ ಬರೆದಾಗ ಅದು ಓದುಗರ ಕಣ್ಣಿಗೆ ಬಿತ್ತು. ಬಂಕಿಮರ ‘ಆನಂದಮಠ’ ತೆರೆಯುವುದು ಅದೇ ಬರದಲ್ಲಿ. ವೆಂಕಟಾಚಾರ್ಯರ ಅನುವಾದದಿಂದ ಕನ್ನಡದ ಓದುಗರೂ ಆ ಬರವನ್ನು ಕಂಡರು, ಕಾದಂಬರಿಯ ಹಿನ್ನೆಲೆಯಾಗಿ. ನಾಯಕನೂ ಖಳನೂ ಸ್ಪಷ್ಟವಿಲ್ಲದ, ಒಂದೇ ರಾತ್ರಿಯಲ್ಲಿ ಮುಗಿಯದ ಸಾವುಗಳನ್ನು ಹೇಳುವುದು ಜನಪ್ರಿಯ ಇತಿಹಾಸಕ್ಕೆ ಕಷ್ಟ. ಪುಸ್ತಕವೊಂದು ಏನು ಸುಳ್ಳು ಹೇಳಿತು ಎಂಬುದಕ್ಕಿಂತ ಯಾವುದನ್ನು ಹೇಳದೆ ಬಿಟ್ಟಿತು ಎಂಬುದು ಹಲವು ಸಲ ದೊಡ್ಡ ಪ್ರಶ್ನೆ.

ಕನ್ನಡದ ಕಪಾಟಿನಲ್ಲೂ ಇಂಥ ಜೋಡಿಗಳಿವೆ. ಮದ್ರಾಸ್ ಪ್ರಾಂತದ ಅಧಿಕಾರಿ ರಾಬರ್ಟ್ ಸಿವೆಲ್ 1900ರಲ್ಲಿ ವಿಜಯನಗರವನ್ನು ‘ಮರೆತುಹೋದ ಸಾಮ್ರಾಜ್ಯ’ವೆಂದು ಕರೆದು ಪುಸ್ತಕ ಬರೆದ. 1565ರ ನಂತರ ಹಂಪಿ ಸುಟ್ಟು ಹಾಳಾದ ಚಿತ್ರ ಕನ್ನಡಿಗರ ಕಣ್ಣಿಗೆ ಕಟ್ಟಿದ್ದು ಬಹುಮಟ್ಟಿಗೆ ಅವನ ಬರಹದಿಂದ. ಅರಸರು ಪೆನುಕೊಂಡಕ್ಕೆ, ಆಮೇಲೆ ಚಂದ್ರಗಿರಿಗೆ ಹೋಗಿ ಇನ್ನೂ ಕೆಲ ದಶಕ ಆಳಿದರೆಂಬುದು ಆ ಚಿತ್ರದ ಬೆಂಕಿಯ ಮುಂದೆ ಮಂಕಾಯಿತು. 1917ರಲ್ಲಿ ಆಲೂರು ವೆಂಕಟರಾಯರು ‘ಕರ್ನಾಟಕ ಗತವೈಭವ’ ಬರೆದಾಗ, ಬೇರೆಬೇರೆ ಆಡಳಿತಗಳಲ್ಲಿ ಹಂಚಿಹೋಗಿದ್ದ ಕನ್ನಡಿಗರಿಗೆ ನಾವು ಒಂದೇ ಎಂಬ ಭಾವನೆ ಕೊಡುವುದು ಅವರ ಗುರಿ. ಅದು ಕೊಟ್ಟ ಬಲದಿಂದಲೇ ಏಕೀಕರಣದ ಮಾತು ಗಟ್ಟಿಯಾಯಿತು. ಅದಕ್ಕಾಗಿ ಆ ಪುಸ್ತಕಕ್ಕೆ ಋಣಿಯಾಗಿರುವವರು ಸಹ, ಅದರ ವೈಭವದ ಪುಟಗಳಲ್ಲಿ ರೈತ, ನೇಕಾರ, ಬೇಗಾರಿ ದುಡಿದವರು ಎಲ್ಲಿದ್ದಾರೆ ಎಂದು ಕೇಳಬಹುದು. ಕೇಳಿದರೆ ಋಣ ಕಡಿಮೆಯಾಗುವುದಿಲ್ಲ.

ಜನಪ್ರಿಯ ಇತಿಹಾಸವನ್ನು ಓದಬಾರದು ಎಂದು ಕಲ್ಕತ್ತೆಯ ಈ ಕಥೆ ಹೇಳುವುದಿಲ್ಲ. ಮೈತ್ರೇಯರು ಬರೆಯದಿದ್ದರೆ ಹಾಲ್ವೆಲ್‌ನ ಲೆಕ್ಕವನ್ನು ಬಂಗಾಳದಲ್ಲಿ ಯಾರೂ ಮರುಕೂಡಿಸುತ್ತಿರಲಿಲ್ಲ. ಹಂಟರ್ ಬರೆಯದಿದ್ದರೆ ಬರದ ಲೆಕ್ಕ ಹೊರಗೆ ಬರುತ್ತಿರಲಿಲ್ಲ. ಕಥೆ ಹೇಳುವುದು ಬೇರೆ. ಒಂದು ಪುಸ್ತಕವನ್ನು ಇನ್ನೊಂದು ಪುಸ್ತಕ ಸೋಲಿಸಿದಾಗ ಗೆಲ್ಲುವುದು ಹಲವು ಸಲ ಆ ಕಾಲದ ಅಗತ್ಯ. ಆದ್ದರಿಂದ ಈ ಸಂಖ್ಯೆಯನ್ನು ಮೊದಲು ಹೇಳಿದವರು ಯಾರು, ಎದುರು ಕಡೆಯವರು ಆಗ ಏನು ಬರೆದರು, ಈ ಕಥೆ ನಂಬಿದರೆ ಯಾರಿಗೆ ಲಾಭ ಎಂಬ ಮೂರು ಪ್ರಶ್ನೆಗಳನ್ನು ನಮಗೆ ಸಿಟ್ಟು ಬರಿಸುವ ಪುಸ್ತಕಕ್ಕೆ ಕೇಳುವುದು ಸುಲಭ. ನಮ್ಮ ಎದೆಯುಬ್ಬಿಸುವ ಪುಸ್ತಕಕ್ಕೂ ಅವನ್ನೇ ಕೇಳಬೇಕು.

ಮೈತ್ರೇಯರ ನಂತರದ ಬದುಕು ಇದಕ್ಕೆ ಒಳ್ಳೆಯ ಉದಾಹರಣೆ. ‘ಸಿರಾಜುದ್ದೌಲ’ ಬರೆದು ಹೆಸರು ಮಾಡಿದ ಮೇಲೆ ಅವರು ಅಂಥದೇ ಇನ್ನೂ ಹತ್ತು ಪುಸ್ತಕ ಬರೆದು ಚಪ್ಪಾಳೆ ಗಿಟ್ಟಿಸಬಹುದಿತ್ತು. ಅವರು 1910ರಲ್ಲಿ ಗೆಳೆಯರ ಜೊತೆ ರಾಜಶಾಹಿಯಲ್ಲಿ ವರೇಂದ್ರ ಸಂಶೋಧನಾ ಸಮಿತಿ ಕಟ್ಟಿದರು. ಹಳ್ಳಿ ಹಳ್ಳಿಗೆ ಹೋಗಿ ಮೂರ್ತಿಗಳನ್ನು, ಶಾಸನಗಳನ್ನು ಕೂಡಿಸಿದರು. 1912ರಲ್ಲಿ ಪಾಲ ಅರಸರ ಕಾಲದ ಶಾಸನಗಳನ್ನು ಓದಿ ‘ಗೌಡಲೇಖಮಾಲಾ’ ಎಂಬ ಸಂಗ್ರಹ ಪ್ರಕಟಿಸಿದರು. ಅದರಿಂದ ಯಾರೂ ನಾಟಕ ಮಾಡಲಿಲ್ಲ. ಇಂದು ಬಾಂಗ್ಲಾದೇಶದಲ್ಲಿರುವ ರಾಜಶಾಹಿಯಲ್ಲಿ ಅವರು ಕೂಡಿಸಿಟ್ಟ ಕಲ್ಲುಗಳ ವಸ್ತುಸಂಗ್ರಹಾಲಯ ಮಾತ್ರ ಈಗಲೂ ಇದೆ. ಅವರ ಮಾತನ್ನು ಒಪ್ಪದವರೂ ಅಲ್ಲಿ ಹೋಗಿ ಆ ಕಲ್ಲುಗಳನ್ನು ತಾವೇ ಓದಿ ನೋಡಬಹುದು.